ಭೀಮಬಾಯಿ ಹಿಂಡಿದ ಎಮ್ಮೆ

ಹುಮನಾಬಾದಿನ ಪ್ರೆಸ್ಸಿನಿಂದ ತಂದ ಪುಸ್ತಕದ ಗಂಟನ್ನು ಎದೆಗವಚಿಕೊಂಡು, ಮೆಹರೀನ್ ಜನರ ನಡುವೆ ದಾರಿ ಮಾಡಿಕೊಂಡು ಅಂಗಳಕ್ಕೆ ಬಂದಳು. ಮೋರಖಂಡಿಯ ಅರ್ಧ ಊರೇ ಅಲ್ಲಿತ್ತು. ಭೀಮಬಾಯಿಯ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಭಜನೆ ನಡೆದಿತ್ತು. ಈ ಮುದುಕಿ ಇನ್ನೊಂದು ಹಗಲು ಕಾಯಬಾರದಿತ್ತೇ? ಮೆಹರೀನಳಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಮುದುಕಿಯ ಮಗ ಧನರಾಜನನ್ನು ಪಕ್ಕಕ್ಕೆ ಕರೆದಳು. “ಅಣ್ಣಾ, ಅವ್ವನ ಕತಿ ಅಚ್ಚಾಗಿ ಬಂದದ್ರಿ. ಮಣ್ಣಿಗೆ ಒಯ್ಯೂದಕ್ಕಿಂತ ಮೊದಲ ಓದ್ತೀನ್ರಿ.”

“ಹುಚ್ಚ ಹಿಡದದೇನವ್ವಾ ನಿನಗ? ಅದು ನಗಸೋ ಕತಿ. ಹೆಣದ ಮುಂದ ಮಂದಿ ನಕ್ರ ನನ್ನ ಮಾರಿಗೆ ಉಗುಳ್ತಾರ.”

\*\*\*

2001ರ ಬೇಸಿಗೆಯಲ್ಲಿ ಬಸವಕಲ್ಯಾಣದ ಗ್ರಂಥಾಲಯದಲ್ಲಿ ಊರವರೇ ಬರೆದು ಓದುವ ಭಾನುವಾರದ ಕೂಟ ಶುರುವಾಗಿತ್ತು. ಮೊಸರು ಮಾರಿ ಖಾಲಿಯಾದ ಗಡಿಗೆಯೊಂದಿಗೆ ಒಳಬಂದ ಭೀಮಬಾಯಿ, ಜಮಖಾನೆಯ ಮೇಲೆ ಕುಳಿತೇಬಿಟ್ಟಳು. ಅಕ್ಷರ ಬಾರದು. “ನಾ ಹೇಳ್ತೀನಿ, ಈ ಹುಡುಗಿ ಬರೀತದ” ಎಂದು ಕೂಟಕ್ಕೆ ಬಂದಿದ್ದ ಮೆಹರೀನಳಿಗೆ ಗಂಟುಬಿದ್ದಳು. ಗ್ರಂಥಪಾಲಕ ಜಲಾಲುದ್ದೀನ್ ಸಾಹೇಬರು ಬೇಡವೆನ್ನಲಿಲ್ಲ. ಬರೆದದ್ದನ್ನು ಓದಿದಾಗ ಕೂಟದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರೂ ಮುದುಕಿಗೆ ಸಮಾಧಾನವಿಲ್ಲ.

“ಇವರು ನಕ್ರ ಏನ್ ಬಂತು? ಕಲತವರು. ನಮ್ಮ ಓಣಿ ನಗಬೇಕು. ಅಲ್ಲಿ ನನ್ನ ಮುಂದ ಓದ್ತೀನಿ ಅಂತ ವಚನ ಕೊಡು.”

ಮೆಹರೀನ್ ಕೊಟ್ಟಿದ್ದಳು.

\*\*\*

ಹೆಣವನ್ನು ಕೂರಿಸಿ ಒಯ್ಯುವ ವಿಮಾನಕ್ಕೆ ಹೂ ಕಟ್ಟಿ ಮುಗಿಯಿತು. ಭಜನೆಯವರು ಚಹಾಕ್ಕೆ ನಿಲ್ಲಿಸಿದ್ದೇ ತಡ, ಮೆಹರೀನ್ ಪುಸ್ತಕ ತೆರೆದು ಗಟ್ಟಿಯಾಗಿ ಓದತೊಡಗಿದಳು.

“ನಾ ಹೊಸಾ ಸೊಸಿ. ಎಮ್ಮಿ ಹಿಂಡು ಅಂದ್ಳು ಅತ್ತಿ. ಎರಡು ಮನಿ ಎಮ್ಮಿ ಒಂದೇ ಕೊಟ್ಟಿಗ್ಯಾಗ. ನಸುಕಿನ್ಯಾಗ ಗುರ್ತ ಸಿಗದ ಬಾಜೂ ಮನಿದು ಹಿಂಡಕೊಂಡು ಬಂದೆ. ನಮ್ಮತ್ತಿಗೆ ಗೊತ್ತಾತು. ಹಾಲು ಗಟ್ಟಿ ಅದ ಅಂತ ವಾರಗಟ್ಟಲೆ ಸುಮ್ಮನಿದ್ಳು.”

ಯಾರೂ ನಗಲಿಲ್ಲ. ಧನರಾಜ ಕಣ್ಣು ಕೆಂಪಗೆ ಮಾಡಿಕೊಂಡು ಮುಂದೆ ಬಂದ. ಅಷ್ಟರಲ್ಲಿ ಬಾಜೂ ಮನೆಯ ಮುದುಕ ಬಕ್ಕಪ್ಪ ಕೋಲೂರಿ ಎದ್ದ.

“ತಡಿಯೋ ಧನರಾಜ! ಆ ಎಮ್ಮಿ ನಮ್ದು!” ಹೆಣದ ಎದುರಿಗೇ ಹೋಗಿ ನಿಂತ. “ಏ ಭೀಮಬಾಯಿ, ನೀ ಹಿಂಡಿದ್ದೇನ? ಕರಾ ಬಿಟ್ಟು ಹಾಲು ಕುಡಸೀದಿ ಅಂತ ನಮ್ಮವ್ವ ನನಗ ಬಾರಕೋಲಲೆ ಹೊಡದಿದ್ಳಲ್ಲ!”

ಮೊದಲು ನಕ್ಕವನು ಅವನೇ. ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ತಾಳದವನ ಕೈಯ ಚಹಾ ಚೆಲ್ಲಿತು. ಧನರಾಜ ಬೈಯಲು ತೆರೆದ ಬಾಯಲ್ಲೇ ನಕ್ಕುಬಿಟ್ಟ.

“ಇನ್ನೊಮ್ಮೆ ಓದವ್ವಾ!” ಎಂದು ಓಣಿಯೇ ಕೂಗಿತು. ಮೆಹರೀನಳಿಗೆ ಹಿಗ್ಗೂ ಅಳುವೂ ಒಟ್ಟಿಗೇ ಬಂದವು. ಕಣ್ಣೊರೆಸಿಕೊಂಡು ಮೊದಲಿನಿಂದ ಓದಿದಳು.

ವಿಮಾನ ಎತ್ತಿದಾಗಲೂ ಹೊತ್ತವರ ಹೆಗಲು ನಗೆಯಿಂದ ಕುಲುಕುತ್ತಿದ್ದವು. ಮೇಲೆ ಕುಳಿತ ಭೀಮಬಾಯಿ, ಹಣೆಯ ವಿಭೂತಿ ಉದುರಿಸುತ್ತ, ಅವರೊಂದಿಗೆ ತಾನೂ ಕುಲುಕುತ್ತ ಓಣಿ ದಾಟಿದಳು.