ಐದನೆಯ ಸೀರೆ

ರವಿಕೆಯ ಕಂಕುಳಲ್ಲಿ ಯಾರದೋ ಬೆವರಿನ ಕಲೆಗಳಿದ್ದವು. ಒಬ್ಬರದಲ್ಲ, ಒಂದರ ಮೇಲೊಂದು ಒಣಗಿ, ನಕ್ಷೆಯಲ್ಲಿನ ತಾಲ್ಲೂಕುಗಳ ಹಾಗೆ ಗಡಿ ಬರೆದುಕೊಂಡಿದ್ದವು. ಮಾನಸಾ ಉಸಿರು ಬಿಗಿಹಿಡಿದು ಆ ರವಿಕೆಯೊಳಗೆ ತೋಳು ತೂರಿಸಿದಳು.

ಹಾಸನದ ಸಭಾಂಗಣದ ಹಿಂದಿನ ಕೋಣೆ. ನಾಟಕದ ಡ್ರೆಸ್ ಅಂಗಡಿಯಿಂದ ಐದು ಇಳಕಲ್ ಸೀರೆ ಬಾಡಿಗೆಗೆ ಬಂದಿದ್ದವು. ಮದುವೆಯ ಶಾಸ್ತ್ರಕ್ಕೆ ಹೇಳುವ ಸೋಬಾನೆಯನ್ನು ಈ ಸೀಮೆಯಲ್ಲಿ ಇಳಕಲ್ ಉಟ್ಟು ಯಾರೂ ಹೇಳಿದ್ದಿಲ್ಲ ಎಂದು ತನ್ನ ಪಿಎಚ್.ಡಿ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಬರೆದವಳು ಅವಳೇ. ಈ ಸೀರೆಗೆ ಒಪ್ಪಿದವಳೂ ಅವಳೇ. ಅವಳ ಹಾಡಿನ ತಂಡದ ಮೂವರು ಹುಡುಗಿಯರು ಆಗಲೇ ಉಟ್ಟು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಮೂಲೆಯ ಕುರ್ಚಿಯಲ್ಲಿ ದೊಡ್ಡವ್ವ ಜಯಲಕ್ಷ್ಮಮ್ಮ ಕೂತಿದ್ದಳು. ಪ್ರಬಂಧದ ಅಷ್ಟೂ ಹಾಡು ಅವಳ ಬಾಯಿಂದ ಬಂದವು. ಇವತ್ತಿಗೆಂದೇ ಅರಕಲಗೂಡಿನಲ್ಲಿ ಕೊಂಡ, ಮೈತುಂಬ ಮಿಂಚಿನ ಚುಕ್ಕಿಗಳಿದ್ದ ಗುಲಾಬಿ ಸೀರೆಯಲ್ಲಿ ಬೀಗಿತ್ತಿಯ ಹಾಗೆ ಹೊಳೆಯುತ್ತಿದ್ದಳು.

ವ್ಯವಸ್ಥಾಪಕ ದೇವರಾಜ್ ಬಾಗಿಲು ತಟ್ಟಿ ಇಣುಕಿದ. "ಮೇಡಂ, ಎಲ್ಲಾ ಓಕೆ. ಅಜ್ಜಿ ಮಾತ್ರ ಜಾನಪದದ ಥರ ಕಾಣ್ತಿಲ್ಲ."

"ಹಾಡೋದೇ ಅವರು."

"ಹಾಡ್ಲಿ ಮೇಡಂ, ಯಾರು ಬ್ಯಾಡ ಅಂದ್ರು? ಮಿಂಚು ಕ್ಯಾಮೆರಾಗೆ ಹೊಡೀತದೆ ಅಷ್ಟೆ. ಡೆಲ್ಲಿ ಉತ್ಸವಕ್ಕೆ ಕಳ್ಸೋ ವಿಡಿಯೊ. ಲೀಡರ್ ನೀವು, ನೋಡಿ."

ಡೆಲ್ಲಿ ಎಂದೊಡನೆ ತನ್ನೊಳಗೆ ಏನೋ ಬಾಲ ಅಲ್ಲಾಡಿಸಿದ್ದು ಮಾನಸಾಗೆ ತಿಳಿಯಿತು. ಹೇಸಿಗೆಯಾಯಿತು. ಆದರೂ ಐದನೆಯ ಸೀರೆ ತೆಗೆದಳು.

"ದೊಡ್ಡವ್ವ, ಇದನ್ನ ಉಟ್ಕೋ."

ಜಯಲಕ್ಷ್ಮಮ್ಮ ಸೆರಗಿನ ತುದಿ ಮೂಸಿದಳು. "ಯಾವಳೋ ಉಟ್ಟು ಬುಟ್ಟಿದ್ದು ಕಣವ್ವಾ. ಒಗ್ದೂ ಇಲ್ಲ."

"ಒಂದರ್ಧ ಗಂಟೆ."

"ಶಾಸ್ತ್ರದ ಪದ ಹೇಳೋವಾಗ ಇನ್ನೊಬ್ರು ಉಟ್ಟಿದ್ದ ಉಡಂಗಿಲ್ಲ ಮಗಾ. ನಾನೇಳ್ದೆ, ನೀನೇ ಬುಕ್ಕಲ್ಲಿ ಬರ್ಕಂಡೆ."

ಬರೆದುಕೊಂಡಿದ್ದಳು. ಅಧ್ಯಾಯ ಮೂರು. ಮಾರ್ಗದರ್ಶಕರು ಮೆಚ್ಚಿದ್ದರು.

"ಇದು ಶಾಸ್ತ್ರ ಅಲ್ಲ, ದೊಡ್ಡವ್ವ. ಪ್ರೋಗ್ರಾಂ."

"ಅಂಗಾರೆ ಎಣ್ಣು-ಗಂಡು ಯಾರೂ ಇಲ್ವಾ?"

"ಇಲ್ಲ."

"ಮತ್ತೆ ಯಾರ್ಗೆ ಪದ ಏಳಾದು?"

ಮೂವರೂ ಮುಸಿಮುಸಿ ನಕ್ಕರು. ದೊಡ್ಡವ್ವ ಮುನಿಸಿಕೊಂಡು ಎದ್ದುಹೋಗಲಿ, ತನ್ನೂರು ಮಲ್ಲಿಪಟ್ಟಣದ ಬಸ್ಸು ಹತ್ತಲಿ ಎಂದು ಮಾನಸಾ ಒಳಗೊಳಗೇ ಬೇಡಿಕೊಂಡಳು. ಮುದುಕಿ ಆ ಉಪಕಾರ ಮಾಡಲಿಲ್ಲ. ಓದಿದ ಮಗಳ ಮುಖವನ್ನು ಒಂದು ಸಲ ನೋಡಿ, ಗೋಡೆಯತ್ತ ತಿರುಗಿ, ಗುಲಾಬಿ ಸೀರೆಯ ನಿರಿಗೆ ಬಿಚ್ಚತೊಡಗಿದಳು.

ಪರದೆ ಸರಿಯಿತು. ಮೈಕಿನ ಮುಂದೆ ದೊಡ್ಡವ್ವ ಬಾಯಿ ತೆರೆಯಲಿಲ್ಲ. ಕೈ ಸೀರೆಗೆ ತಾಕಬಾರದೆಂದು ಎರಡೂ ತೋಳುಗಳನ್ನು ಮೈಯಿಂದ ದೂರಕ್ಕೆ ಚಾಚಿ ನಿಂತುಬಿಟ್ಟಳು. ಹೊಸ ಭಂಗಿ ಇರಬೇಕೆಂದು ಹಿಂದಿನ ಮೂವರೂ ತೋಳು ಚಾಚಿದರು. ಸಭೆಯಲ್ಲಿ ಚಪ್ಪಾಳೆ ಶುರುವಾಯಿತು. ವೇದಿಕೆಯ ಪಕ್ಕದಲ್ಲಿ ನಿಂತ ದೇವರಾಜ್ ಹೆಬ್ಬೆರಳೆತ್ತಿದ.

ಮಾನಸಾಳ ತೋಳುಗಳೂ ತಾವಾಗಿಯೇ ಮೇಲೆದ್ದವು. ಬೆಳಕಿನಲ್ಲಿ ಐವರೂ ಸದ್ದಿಲ್ಲದೆ ನಿಂತರು. ಕುಯ್ಲು ಮುಗಿದು ತಿಂಗಳಾದರೂ ಹೊಲದಿಂದ ಯಾರೂ ಕೀಳದೆ ಬಿಟ್ಟ ಬೆದರುಬೊಂಬೆಗಳ ಸಾಲಿನ ಹಾಗೆ.