ಹೊಂಬಣ್ಣಕ್ಕೆ ಮುಂಚೆ

ತೈಪೆಯ ಒಂದು ಸಣ್ಣ ಪ್ರಕಾಶನದಲ್ಲಿ ಕರಡು ತಿದ್ದುವ ಪಿಯುನ್ ಎಂಬವಳಿಗೆ ಐವತ್ತೆಂಟು ವರ್ಷ. ಅಡುಗೆಯ ನೆನಪುಗಳನ್ನು ಬರೆದ ಪುಸ್ತಕ ಬಂದರೆ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಪ್ಪು ಹುಡುಕಲು ಆಫೀಸಿನಲ್ಲಿ ಒಂದು ಸಲ, ಖುಷಿಗೆಂದು ಮನೆಯಲ್ಲಿ ಇನ್ನೊಂದು ಸಲ ಓದುವಳು. ಯಾರದೋ ಅಮ್ಮ ಮೀನಿಗೆ ಶುಂಠಿ ಸವರುವುದನ್ನು, ಯಾರದೋ ಮನೆಯಲ್ಲಿ ಹತ್ತು ಜನ ಒಂದೇ ಮೇಜಿಗೆ ಮುಗಿಬೀಳುವುದನ್ನು ಓದುತ್ತ ಕೂತರೆ, ಅಂಗಡಿಯಿಂದ ತಂದ ಡಬ್ಬಿ ಊಟದ ರುಚಿ ಗಮನಕ್ಕೇ ಬರುತ್ತಿರಲಿಲ್ಲ. ಒಬ್ಬಳಿಗೋಸ್ಕರ ಒಲೆ ಯಾಕೆ ಹಚ್ಚುವುದು ಎಂದು ಅವಳು ಅಡುಗೆ ಕಲಿತೇ ಇರಲಿಲ್ಲ.

ಆ ಸಲ ಬಂದದ್ದು ತೈನಾನ್ ಊರಿನ ಶ್ಯೂಜು ಎಂಬ ಎಂಬತ್ತಾರರ ಅಜ್ಜಿಯ ಪುಸ್ತಕ. ಹಂದಿಮಾಂಸದ ಸಾರಿಗೆ ಸಣ್ಣೀರುಳ್ಳಿಯನ್ನು ಹೊಂಬಣ್ಣಕ್ಕೆ ಹುರಿಯಬೇಕೆಂದು ಒಂದು ಪುಟದಲ್ಲಿತ್ತು, ಇನ್ನೊಂದರಲ್ಲಿ ಕಂದುಬಣ್ಣ. ಪಿಯುನ್ ಫೋನ್ ಮಾಡಿದಳು. ಬರೆಯುವವರನ್ನೆಲ್ಲ ಟೀಚರ್ ಎಂದು ಕರೆಯುವುದು ಅಲ್ಲಿನ ರೂಢಿ.

“ಟೀಚರ್, ಎರಡರಲ್ಲಿ ಯಾವ್ದು ಸರಿ?”

“ನೀನು ಹುರಿದು ನೋಡಿದ್ಯಾ?”

“ನಂಗೆ ಅಡುಗೆ ಬರಲ್ಲ.”

“ಅಡುಗೆ ಬರ್ದೇ ನನ್ನ ಅಡುಗೆ ತಿದ್ದೋಕೆ ಕೂತಿದ್ದೀಯಾ? ಹೋಗಮ್ಮ, ಮೊದ್ಲು ಈರುಳ್ಳಿ ಹೆಚ್ಚು.”

ಮಾತು ಚುಚ್ಚಿತು. ಭಾನುವಾರ ಪಿಯುನ್ ಬಾಣಲೆ ಕೊಂಡು ತಂದಳು. ಮೊದಲ ಸಲ ಈರುಳ್ಳಿ ಸೀದು ಕರಿಯಾಯಿತು, ಎರಡನೇ ಸಲ ಹೊಂಬಣ್ಣಕ್ಕೇ ಇಳಿಸಿದರೂ ಕಹಿಯಾಯಿತು. ಮೂರನೇ ಸಲ ಹೆದರಿ, ಇನ್ನೂ ಬಿಳಿಚಿಕೊಂಡಿರುವಾಗಲೇ ಇಳಿಸಿದಳು. ತಟ್ಟೆಯಲ್ಲಿ ಅದು ತಾನಾಗಿಯೇ ಹೊಂಬಣ್ಣಕ್ಕೆ ತಿರುಗಿತು. ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಮತ್ತೆ ಅಜ್ಜಿಗೇ ಫೋನ್ ಮಾಡಿದಳು.

“ಟೀಚರ್, ಎರಡೂ ತಪ್ಪು. ಹೊಂಬಣ್ಣ ಬರೋಕೆ ಮುಂಚೆನೇ ಇಳಿಸ್ಬೇಕು.”

“ಹೌದಲ್ವಾ,” ಅಂದಳು ಅಜ್ಜಿ. “ಹಾಗೇ ತಿದ್ದು. ಈ ವೃದ್ಧಾಶ್ರಮಕ್ಕೆ ಬಂದು ಎಂಟು ವರ್ಷ ಆಯ್ತು, ಒಲೆ ಹತ್ರ ಬಿಡಲ್ಲ. ಕೈಗೆ ಮರೆತೇಹೋಗಿದೆ. ಘಮ ಹೇಗಿದೆ, ಅದನ್ನ ಹೇಳು.”

ಮೂವತ್ತು ವರ್ಷ ಬೇರೆಯವರ ಮಾತು ತಿದ್ದಿದವಳು ತಟ್ಟೆಯ ಮೇಲೆ ಬಗ್ಗಿ ಮೂಸಿದಳು.

“ಮನೆ ತುಂಬ ಇದೆ,” ಎಂದಳು.

“ಸಾಕು. ಗೊತ್ತಾಯ್ತು.”

ಅಲ್ಲಿಂದ ಪ್ರತಿ ಭಾನುವಾರ ಪಿಯುನ್ ಪುಸ್ತಕದ ಒಂದೊಂದು ಅಡುಗೆ ಮಾಡಿ ಅಜ್ಜಿಗೆ ವರದಿ ಒಪ್ಪಿಸಿದಳು. ಬೈಗುಳವನ್ನೂ ತಿಂದಳು. ಪುಸ್ತಕ ಅಚ್ಚಾಗುವ ಹೊತ್ತಿಗೆ ಅಜ್ಜಿಗೆ ಮರೆವು ಹೆಚ್ಚಿ ಅವಳ ದನಿಯ ಗುರುತು ಹತ್ತುತ್ತಿರಲಿಲ್ಲ. ವೃದ್ಧಾಶ್ರಮದ ಆಯಾ ಫೋನನ್ನು ಅಜ್ಜಿಯ ಕಿವಿಗೆ ಹಿಡಿಯುವಳು. ಪಿಯುನ್ ಅಂದಿನ ಅಡುಗೆಯ ಬಗ್ಗೆ ಹೇಳುವಳು.

“ಯಾರಮ್ಮ ನೀನು?” ಎಂದು ಕೇಳಿದಳು ಅಜ್ಜಿ ಒಂದು ದಿನ.

“ನಿಮ್ಮ ಪುಸ್ತಕ ತಿದ್ದಿದೋಳು, ಟೀಚರ್.”

“ಇರ್ಲಿ. ಮಾತು ಸಾಕು, ಊಟ ಮಾಡು ಹೋಗು.”

ಪಿಯುನ್ ಫೋನ್ ಇಟ್ಟು, ಬಿಸಿ ಅನ್ನ ಬಡಿಸಿಕೊಂಡು, ಒಬ್ಬಳೇ ಊಟಕ್ಕೆ ಕೂತಳು.