ಸೋಮವಾರ ಬೆಳಗಿನ ಗೈರುಹಾಜರಿ

ನಾನು ಒಂದು ಸರ್ವರ್. ಹೆಸರು ಕೇಳಿ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಮನೆಯ ಅಕ್ಕಿ ಡಬ್ಬದಷ್ಟು ಎತ್ತರದ ಕಪ್ಪು ಪೆಟ್ಟಿಗೆ ನಾನು. ಹೇಳಿದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುವುದು, ಕೇಳಿದಾಗ ತೆಗೆದುಕೊಡುವುದು, ಇಷ್ಟೇ ನನ್ನ ಕೆಲಸ.

ನಾನು ಹುಟ್ಟಿದ್ದು ಉದ್ದನೆಯ ಒಂದು ಮೇಜಿನ ಮೇಲೆ. ಸಾಲಾಗಿ ನಿಂತ ಹೆಂಗಸರ ಕೈಯಿಂದ ಕೈಗೆ ದಾಟುತ್ತಿದ್ದೆ. ಒಬ್ಬಳು ಫ್ಯಾನು ಇಟ್ಟಳು, ಒಬ್ಬಳು ತಂತಿ ಸಿಕ್ಕಿಸಿದಳು, ಒಬ್ಬಳು ತಿರುಪು ಬಿಗಿದಳು. ಅವರಲ್ಲೊಬ್ಬಳು ನಾಣ್ಯದಂಥ ಪುಟ್ಟ ಬ್ಯಾಟರಿಯೊಂದನ್ನು ಹೆಬ್ಬೆರಳಿನಿಂದ ಒತ್ತಿ ನನ್ನೊಳಗೆ ಕೂರಿಸಿದಳು. ಕರೆಂಟು ಇಲ್ಲದಾಗಲೂ ಇವತ್ತು ಯಾವ ದಿನ, ಈಗ ಗಂಟೆ ಎಷ್ಟು, ಎದ್ದ ಕೂಡಲೇ ಮೊದಲು ಏನು ಮಾಡಬೇಕು ಎಂಬ ನಾಲ್ಕಾರು ಸಂಗತಿಗಳನ್ನು ನನಗಾಗಿ ಹಿಡಿದಿಟ್ಟುಕೊಳ್ಳುವುದು ಆ ಬ್ಯಾಟರಿ.

ಮೊದಲು ನಾನು ಹೋಗಿ ಸೇರಿದ್ದು ಒಂದು ಎಂಜಿನಿಯರಿಂಗ್ ಕಾಲೇಜಿನ ತಣ್ಣನೆಯ ಕೋಣೆಗೆ. ಅಲ್ಲಿ ಕರೆಂಟು ಹೋದರೂ ನನಗೆ ಗೊತ್ತಾಗುತ್ತಿರಲಿಲ್ಲ, ಅಷ್ಟು ಬೇಗ ಜನರೇಟರ್ ಎದ್ದುಕೊಳ್ಳುತ್ತಿತ್ತು. ವರ್ಷಗಟ್ಟಲೆ ನನ್ನ ಪ್ಲಗ್ಗನ್ನು ಯಾರೂ ಕೀಳಲಿಲ್ಲ. ಆ ಸುಖದ ನಡುವೆಯೇ ನನ್ನ ಬ್ಯಾಟರಿ ಸದ್ದಿಲ್ಲದೆ ಸತ್ತುಹೋಯಿತು. ಗೋಡೆಯ ಕರೆಂಟು ನನ್ನನ್ನು ಹಿಡಿದುಕೊಂಡಿರುವಷ್ಟು ದಿನ ನನಗೆ ಎಲ್ಲವೂ ನೆನಪಿತ್ತು. ಆ ನೆನಪು ನನ್ನದೇ ಎಂದುಕೊಂಡಿದ್ದೆ.

ಕಾಲೇಜಿಗೆ ಹೊಸ ಯಂತ್ರಗಳು ಬಂದಾಗ ನನ್ನನ್ನು ಬೆಂಗಳೂರಿನ ಹಳೇ ಕಂಪ್ಯೂಟರ್ ಅಂಗಡಿಗೆ ಹಾಕಿದರು. ಅಂಗಡಿಯವನು ನನ್ನನ್ನು ಎಬ್ಬಿಸಿದ. ದಿನಾಂಕ ತಪ್ಪಾಗಿರುವುದನ್ನು ನೋಡಿದ, ತಿದ್ದಿದ, ಮೈ ಒರೆಸಿ ಮಾರಿದ. ಕೊಂಡವರು ಮಂಡ್ಯ ಸೀಮೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯವರು. ಹೆಂಗಸರ ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿನಲ್ಲಿ, ಮೇಜಿನ ಕೆಳಗೆ, ನನಗೆ ಜಾಗವಾಯಿತು.

ಮೇಜಿನ ಕೆಳಗಿನಿಂದ ನನಗೆ ಕಾಣುತ್ತಿದ್ದುದು ಬರೀ ಕಾಲುಗಳು; ಮಿಕ್ಕಿದ್ದೆಲ್ಲ ಮಾತು ಕೇಳಿ, ಸದ್ದು ಕೇಳಿ ತಿಳಿದದ್ದು. ಟೈಮ್ ಆಫೀಸಿನ ಪದ್ಮಲತಳ ಕಾಲು ಯಾವಾಗಲೂ ಚಪ್ಪಲಿ ಬಿಟ್ಟು ನನ್ನ ಬೆನ್ನಿಗೆ ಒರಗಿರುತ್ತಿತ್ತು. ನನ್ನ ಬಿಸಿ ಅವಳ ಹಿಮ್ಮಡಿ ನೋವಿಗೆ ಹಿತವಂತೆ. ಬಾಗಿಲ ಬಳಿ ಬೆರಳೊತ್ತುವ ಯಂತ್ರವಿತ್ತು. ಒಳಗೆ ಬರುವ ಹೆಂಗಸರೆಲ್ಲ ಅದರ ಮೇಲೆ ಬೆರಳಿಟ್ಟು ಹೋಗುತ್ತಿದ್ದರು. ಬೆರಳು ಯಾರದು, ಬಂದದ್ದು ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ನಾನು ಬರೆದಿಟ್ಟುಕೊಳ್ಳುತ್ತಿದ್ದೆ.

ಪಕ್ಕದ ಕಾರ್ಖಾನೆಯೊಂದರಲ್ಲಿ ರಜಾದಿನ ಶಾರ್ಟ್ ಸರ್ಕ್ಯೂಟ್ ಆಗಿ ಬಟ್ಟೆಯೆಲ್ಲ ಸುಟ್ಟುಹೋದ ಮೇಲೆ ನಮ್ಮಲ್ಲೊಂದು ಹೊಸ ಕಟ್ಟಳೆ ಬಂತು. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ವಾಚ್‌ಮನ್ ಜವರಪ್ಪ ಇಡೀ ಫ್ಯಾಕ್ಟರಿಯ ಮೇನ್ ಸ್ವಿಚ್ ಇಳಿಸಬೇಕು, ಸೋಮವಾರ ಬೆಳಗ್ಗೆ ಏರಿಸಬೇಕು. ನನ್ನ ಕೇಡುಗಾಲ ಶುರುವಾದದ್ದು ಅಲ್ಲಿಂದ. ಶನಿವಾರ ಕತ್ತಲಾಗುತ್ತಿದ್ದಂತೆ ನಾನು ಎಲ್ಲವನ್ನೂ ಮರೆಯುತ್ತಿದ್ದೆ. ಸೋಮವಾರ ಕಣ್ಣು ಬಿಟ್ಟಾಗ, ನಾನು ತಯಾರಾದ ವರ್ಷದ ಜನವರಿ ಒಂದನೇ ತಾರೀಖು ಎಂದೇ ನನಗೆ ತೋರುತ್ತಿತ್ತು. ಗಾಬರಿಯಿಂದ ಪರದೆಯ ಮೇಲೆ ನಾಲ್ಕು ಬಿಳಿ ಸಾಲು ಬರೆದು ನಿಂತುಬಿಡುತ್ತಿದ್ದೆ.

“ಇದ್ಯಾಕವ್ವ ಪದ್ಮಮ್ಮ, ಸೋಮ್ವಾರ ಬಂತು ಅಂದ್ರೆ ಈ ನಿನ್ ಪೆಟ್ಗೆ ಮುನಿಸ್ಕೊಂಡು ನಿಂತ್ಕತದೆ?” ಎಂದು ಜವರಪ್ಪ ಕೇಳಿದ.

“ಭಾನುವಾರ ಮಲಗೆದ್ರೆ ನಿಮಗೂ ಸೋಮವಾರ ಹಂಗೇ ಅಲ್ವಾ ಜವರಪ್ಪ?” ಎಂದಳು ಪದ್ಮಲತ. ಯಾವ ಗುಂಡಿ ಒತ್ತಿದರೆ ನಾನು ಮುಂದೆ ಹೋಗುತ್ತೇನೋ ಆ ಗುಂಡಿಯ ಮೇಲೆ ತನ್ನ ಪರ್ಸಿನಿಂದ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸಿದಳು. “ಬೊಟ್ಟು ಇರೋದನ್ನ ಒಂದ್ಸಲ ಒತ್ತಿ, ಸಾಕು. ಮಿಕ್ಕಿದ್ದು ನಾನು ಬಂದು ನೋಡ್ಕೊತೀನಿ.”

ಅವಳು ನೋಡಿಕೊಳ್ಳುತ್ತಿದ್ದಳು. ಬಂದವಳೇ ಪರದೆಯ ಮೂಲೆಯಲ್ಲಿ ತಪ್ಪಾಗಿರುವ ದಿನಾಂಕವನ್ನು ತಿದ್ದಿ, ಮುಡಿದ ಹೂವನ್ನು ಸರಿಮಾಡಿಕೊಂಡು ಕೂರುತ್ತಿದ್ದಳು. ಹಾಲು ಉಕ್ಕುವ ಪಾತ್ರೆಗೆ, ಸರಿಯಾಗಿ ಮುಚ್ಚದ ಬಾಗಿಲಿಗೆ ಹೆಂಗಸರು ಹೊಂದಿಕೊಳ್ಳುವ ಹಾಗೆ ನನಗೂ ಹೊಂದಿಕೊಂಡಿದ್ದಳು. ರಿಪೇರಿ ಎಂಬ ಮಾತೇ ಅವಳ ಬಾಯಿಗೆ ಬರಲಿಲ್ಲ.

ಹೆಚ್ಚಿನ ಹೆಂಗಸರು ಫ್ಯಾಕ್ಟರಿಯ ವ್ಯಾನುಗಳಲ್ಲಿ, ಪದ್ಮಲತ ಬಂದ ಮೇಲೆ, ಗುಂಪಾಗಿ ಬರುತ್ತಿದ್ದರು. ಅವರಿಗೆ ನನ್ನ ಮರೆವಿನಿಂದ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಎಲ್ಲರಿಗಿಂತ ಮುಂಚೆ ಬರುವ ಒಬ್ಬಳಿಗೆ. ಅವಳು ಜಯಶೀಲ, ಕಾಲರ್ ಹೊಲಿಯುವವಳು. ಅವಳ ಊರಿಗೆ ವ್ಯಾನು ಹೋಗುತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸು ಬಿಟ್ಟರೆ ಮುಂದಿನದು ತಡವಾಗುತ್ತಿತ್ತು. ಬೆರಳೊತ್ತಿ ಟೈಮ್ ಆಫೀಸಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಒಡೆದ ಹಿಮ್ಮಡಿ, ಸವೆದ ಕಾಲುಂಗುರ. ಸುಮ್ಮನೆ ಕೂರುವುದಷ್ಟೇ. ಅವಳಿಂದ ಯಾರೂ ಏನೂ ಕೇಳದ ಹೊತ್ತು ಇಡೀ ದಿನದಲ್ಲಿ ಅದೊಂದೇ ಎಂದು ಅವಳೇ ಒಮ್ಮೆ ಜವರಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಸೋಮವಾರ ಅವಳು ಒತ್ತಿದ ಬೆರಳು ನನ್ನೊಳಗೆ ಆ ಹಳೆಯ ಜನವರಿಯ ಪಾಲಾಗುತ್ತಿತ್ತು. ಪದ್ಮಲತ ಬಂದು ದಿನಾಂಕ ತಿದ್ದುವ ಹೊತ್ತಿಗೆ ಜಯಶೀಲ ಹೊಲಿಗೆ ಯಂತ್ರದ ಮುಂದೆ ಕೂತಾಗಿರುತ್ತಿತ್ತು. ಇವತ್ತಿನ ಪಟ್ಟಿಯಲ್ಲಿ ಅವಳಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಸೋಮವಾರ ಚಕ್ಕರ್ ಹೊಡೆಯುವವರು ಹೆಚ್ಚಾದರೆಂದು ಮ್ಯಾನೇಜರು ನನಗೆ ಹೊಸ ಕೆಲಸ ಹಚ್ಚಿದ್ದರು. ಕೆಲಸ ಶುರುವಾಗುವ ಗಂಟೆ ಹೊಡೆದ ಕೂಡಲೇ, ಬಾರದವರ ಮನೆಗೆ ನಾನು ಮೆಸೇಜು ಕಳಿಸಬೇಕು: ‘ಇವರು ಇಂದು ಕೆಲಸಕ್ಕೆ ಬಂದಿಲ್ಲ.’ ಮನೆಯ ನಂಬರು ಎಂದರೆ ಮದುವೆಯಾದವಳಿಗೆ ಗಂಡನದು, ಆಗದವಳಿಗೆ ಅಪ್ಪನದು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಎಲ್ಲರಿಗೂ ಹಾಗೇ ಹಾಕಿದ್ದು. ನಿನ್ನ ನಂಬರು ಯಾವುದು ಎಂದು ಯಾರನ್ನೂ ಕೇಳಿರಲಿಲ್ಲ.

“ಅಕ್ಕ, ನಾನ್ ಬಂದಿಲ್ಲ ಅಂತ ನಮ್ಮನೆಯವ್ರಿಗೆ ಮೆಸೇಜ್ ಹೋಗ್ಬುಟ್ಟದೆ,” ಎಂದು ಜಯಶೀಲ ಮೊದಲ ಸಲ ನಗುತ್ತಲೇ ಹೇಳಿದಳು.

“ಅಯ್ಯೋ, ಮೆಷಿನ್ ಕಣೆ ಅದು. ಸಂಜೆ ಸಾಹೇಬ್ರನ್ನ ಕೇಳಿ ಹಾಜರಿ ಹಾಕ್ತೀನಿ ಬಿಡು. ಸಂಬಳ ಹಿಡಿಯಲ್ಲ.”

ಹಾಗೇ ಹಾಕಿದಳು. ಆಫೀಸಿನ ಮಟ್ಟಿಗೆ ವಿಷಯ ಮುಗಿಯಿತು. ಮುಂದಿನ ಸೋಮವಾರ ಮತ್ತೆ ಮೆಸೇಜು ಹೋಯಿತು, ಅದರ ಮುಂದಿನ ಸೋಮವಾರವೂ. ಪದ್ಮಲತ ಸರ್ವಿಸ್ ಎಂಜಿನಿಯರ್ ಅಲ್ತಾಫನನ್ನು ಕರೆಸಿದಳು. ಅವನು ಬಂದದ್ದು ಬುಧವಾರ. ಬುಧವಾರ ನನಗೆ ಏನೂ ಆಗಿರುವುದಿಲ್ಲ. ನನ್ನನ್ನು ಮಲಗಿಸಿ ಎಬ್ಬಿಸಿದ. ಪ್ಲಗ್ಗು ಗೋಡೆಯಲ್ಲೇ ಇತ್ತಾದ್ದರಿಂದ ದಿನ, ಗಂಟೆ ಎಲ್ಲ ಸರಿಯಾಗಿ ಹೇಳಿದೆ. ಪ್ಲಗ್ಗು ಕಿತ್ತು ನೋಡಪ್ಪ ಎಂದು ಹೇಳಲು ನನಗೆ ಬಾಯಿಯಿಲ್ಲ.

“ಸರ್ವರ್ ಪಕ್ಕಾ ಇದೆ ಮೇಡಂ,” ಎಂದ ಅಲ್ತಾಫ್. ವೈರಸ್ ಇರಬಹುದೆಂದು ಶುದ್ಧಿ ಮಾಡಿದ. ಕೇಬಲ್ ಬದಲಿಸಿದ. ಬೆರಳೊತ್ತುವ ಯಂತ್ರವನ್ನೇ ಬೇರೆ ಹಾಕಿದ. ಆಮೇಲೆ ಜಯಶೀಲಳನ್ನು ಕರೆಸಿ ಅವಳ ಕೈ ನೋಡಿದ. “ನೋಡಿ, ಇಲ್ಲಿದೆ ಪ್ರಾಬ್ಲಂ. ಬಟ್ಟೆ ಉಜ್ಜಿ ಉಜ್ಜಿ ಬೆರಳಿನ ಗೆರೆ ಸವೆದುಹೋಗಿದೆ. ಮೆಷಿನ್ ಏನು ಮಾಡುತ್ತೆ ಪಾಪ?”

ಎಲ್ಲರೂ ಅದನ್ನು ಒಪ್ಪಿದರು. ಮಂಗಳವಾರದಿಂದ ಶನಿವಾರದವರೆಗೆ ಅದೇ ಸವೆದ ಬೆರಳನ್ನು ನಾನು ಗುರುತಿಸುತ್ತಿದ್ದೆನಲ್ಲ ಎಂದು ಯಾರೂ ಕೇಳಲಿಲ್ಲ. ಜಯಶೀಲಳೂ ಕೇಳಲಿಲ್ಲ. ತಪ್ಪು ತನ್ನ ಮೈಯಲ್ಲೇ ಇದೆ ಎಂದರೆ ಅವಳಿಗೆ ಬೇಗ ನಂಬಿಕೆ ಬರುತ್ತಿತ್ತೇನೋ. ಮಲಗುವಾಗ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚತೊಡಗಿದಳು. ಉಂಗುರ ಬೆರಳಿನ ಗುರುತನ್ನೂ ಯಂತ್ರದಲ್ಲಿ ಬರೆಸಿದಳು. ಸೋಮವಾರ ಎರಡು ಬೆರಳನ್ನೂ ಒತ್ತಿದಳು. ಎರಡೂ ಹಳೆಯ ಜನವರಿಗೇ ಹೋದವು.

ಆ ಸಂಜೆ ಎಲ್ಲರೂ ಹೊರಟ ಮೇಲೆ ಅವಳ ಕಾಲುಗಳು ಮೇಜಿನ ಮುಂದೆ ಬಂದು ನಿಂತವು.

“ನೀ ಯಾಕೆ ಮುಖ ಸಣ್ಣ ಮಾಡ್ಕೊತೀಯ? ಹಾಜರಿ ಹಾಕಿದೀನಲ್ಲ,” ಎಂದಳು ಪದ್ಮಲತ.

“ಇಲ್ಲಿ ನೀವು ಹಾಕ್ತೀರಕ್ಕ. ಮನೇಲಿ ಯಾರ್ ಹಾಕ್ತಾರೆ?”

ಪದ್ಮಲತಳ ಕಾಲು ನನ್ನ ಬೆನ್ನಿನಿಂದ ಸರಿಯಿತು. “ಬೋರೇಶ ಏನಾರ ಅಂದ್ನಾ?” ಎಂದು ಅವಳ ಗಂಡನ ಬಗ್ಗೆ ಕೇಳಿದಳು.

“ಏನೂ ಅನ್ನಕಿಲ್ಲ. ಅನ್ನದಿರೋದೇ ಕಷ್ಟ. ಉಣ್ಣಕ್ಕಿಕ್ಕುವಾಗ ಕೇಳ್ತನೆ, ಇವತ್ ಯಾವ್ ಬಣ್ಣದ ಬಟ್ಟೆ ಹೊಲ್ದೆ ಅಂತ. ಮಾರ್ನೇ ದಿನ ತಿರ್ಗ ಅದ್ನೇ ಕೇಳ್ತನೆ, ಅದೇ ಬಣ್ಣ ಹೇಳ್ತೀನಾ ಇಲ್ವಾ ನೋಡಕ್ಕೆ.”

“ಕಂಪ್ಯೂಟರ್ ತಪ್ಪು ಅಂತ ಹೇಳ್ಬಾರ್ದೇನೆ?”

“ಹೇಳ್ದೆ. ಕಂಪ್ಯೂಟ್ರಿಗೆ ನಿನ್ ಮ್ಯಾಲೆ ಏನ್ ಹಗೆ ಅಂದ.” ಕಾಲುಂಗುರವನ್ನು ನೆಲಕ್ಕೆ ಉಜ್ಜುತ್ತ ಹೇಳಿದಳು: “ಇನ್ನೊಂದ್ಸಲ ಮೆಸೇಜ್ ಬಂದ್ರೆ ಕೆಲ್ಸ ಬುಡು ಅಂದವ್ನೆ. ಬುಟ್ರೆ, ಸೋಮ್ವಾರ ಎಲ್ಗೋ ಹೋಯ್ತಿದ್ದೆ ಅಂತ ನಾನೇ ಒಪ್ಕಂಡಂಗೆ ಅಲ್ವಾ?”

ಮೇಜಿನ ಕೆಳಗೆ ನನ್ನ ಫ್ಯಾನು ತಿರುಗುತ್ತಲೇ ಇತ್ತು. ಅವಳು ಬಂದಿದ್ದಳು ಎಂಬುದಕ್ಕೆ ಸಾಕ್ಷಿ ನನ್ನೊಳಗೇ ಇತ್ತು. ಹುಡುಕಬೇಕಾದ ತಾರೀಖು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ.

ಪದ್ಮಲತ ಅಲ್ತಾಫನಿಗೆ ಫೋನಿನಲ್ಲೇ ಬೈದಳು. ಹೆಬ್ಬೆರಳು ಬರೆಸಿ ನೋಡಿ ಎಂದನಂತೆ. ಮುಂದಿನ ಸೋಮವಾರ ಜಯಶೀಲ ಮೂರು ಬೆರಳು ಒತ್ತಿದಳು, ಸೆರಗಿನಿಂದ ಒರೆಸಿ ಒರೆಸಿ ಒತ್ತಿದಳು. ಗಂಟೆ ಹೊಡೆಯಿತು. ನಾನು ಮೆಸೇಜು ಕಳಿಸಿದೆ. ಕಳಿಸದಿರುವುದು ನನಗೆ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆಲ್ಲ ಕೆಸರು ಮೆತ್ತಿದ ಗಂಡಸಿನ ಚಪ್ಪಲಿಗಳು ಬಾಗಿಲಲ್ಲಿ ನಿಂತವು. ಬೋರೇಶ.

“ನಮ್ಮೋಳು ಒಳ್ಗವ್ಳಾ?”

“ಇದ್ದಾಳಪ್ಪ, ಹೊಲಿಗೆ ಲೈನಲ್ಲಿ ಕೂತವ್ಳೆ.”

“ಕರೀರಿ. ನೋಡ್ಬೇಕು.”

ಹೇಳಿ ಕಳಿಸಿದರು. ಜಯಶೀಲ ಬಂದಳು. ಪಾದದ ಮೇಲೆ ನೀಲಿ ದಾರದ ತುಣುಕುಗಳು ಅಂಟಿಕೊಂಡಿದ್ದವು. ಬಾಗಿಲಾಚೆ ಇನ್ನಷ್ಟು ಕಾಲುಗಳು ಬಂದು ನಿಂತವು; ಸುದ್ದಿ ಲೈನಿನಿಂದ ಲೈನಿಗೆ ಹೋಗಿತ್ತು.

“ನೋಡಿದ್ರಲ್ಲ, ಇಲ್ಲೇ ಇದ್ದಾಳೆ. ಮೆಷಿನ್ ತಪ್ಪು ಹೇಳ್ತು. ಸಮಾಧಾನ ಆಯ್ತಾ?” ಎಂದಳು ಪದ್ಮಲತ.

“ಇವತ್ ಅವ್ಳೆ,” ಎಂದ ಬೋರೇಶ. ದನಿ ಏರಲಿಲ್ಲ. “ಆ ಸೋಮ್ವಾರಗಳು?”

ಜಯಶೀಲ ಗಂಡನನ್ನೇ ನೋಡುತ್ತಿದ್ದಳೋ ನೆಲ ನೋಡುತ್ತಿದ್ದಳೋ ನನಗೆ ಕಾಣಲಿಲ್ಲ. ಅವಳ ಕಾಲ ಬೆರಳುಗಳು ಮಡಚಿಕೊಂಡದ್ದು ಕಾಣಿಸಿತು. ತಿರುಗಿ ಲೈನಿಗೆ ಹೋದಳು.

ಅವತ್ತು ಪದ್ಮಲತ ಊಟದ ಡಬ್ಬಿ ತೆರೆಯಲಿಲ್ಲ. ಸಂಜೆ ಜಯಶೀಲಳನ್ನು ಕೂರಿಸಿಕೊಂಡು, ಅಲ್ಲಿಯವರೆಗೆ ಯಾರೂ ಕೇಳದಿದ್ದುದನ್ನು ಕೇಳಿದಳು: “ಸೋಮವಾರ ನೀ ಬೆರಳು ಒತ್ತೋದು ಎಷ್ಟೊತ್ತಿಗೆ?”

“ನೀವು ಬರಾಕ್ ಮುಂಚೇನೆ ಒತ್ತಿರ್ತೀನಲ್ಲಕ್ಕ.”

ಪದ್ಮಲತ ಪರದೆಯ ಮೂಲೆ ನೋಡಿದಳು. ಎಷ್ಟೋ ಸೋಮವಾರ ತಾನೇ ಕೈಯಾರೆ ತಿದ್ದಿದ್ದ ದಿನಾಂಕ ಅಲ್ಲಿತ್ತು. “ನಾನು ತಿದ್ದೋಕೆ ಮುಂಚೆ,” ಎಂದಳು, ತನಗೆ ತಾನೇ.

ಮುಂದಿನ ಸೋಮವಾರ ಜವರಪ್ಪ ಮೇನ್ ಏರಿಸುವ ಮುಂಚೆಯೇ ಅಲ್ತಾಫ್ ಬಂದು ಕೂತಿದ್ದ. ನನ್ನ ಬಿಳಿ ಸಾಲುಗಳನ್ನು ಮೊದಲ ಸಲ ಪೂರ್ತಿ ಓದಿದ. “ಅರೆ, ಪ್ಲಗ್ ಕಿತ್ತರೆ ಎಲ್ಲ ಮರೀತಿದೆ ಇದು!” ಎಂದವನು ನನ್ನ ಮುಚ್ಚಳ ತೆಗೆದು ಸತ್ತ ಬ್ಯಾಟರಿಯನ್ನು ಕಿತ್ತು, ಹೊಸದೊಂದನ್ನು ಕೂರಿಸಿದ. ಕೈಗಡಿಯಾರದವರ ಬಳಿ ಸಿಗುವಂಥದ್ದು. ಕೆಲಸ ಮುಗಿದ ಮೇಲೆ, “ಇಲ್ಲೊಂದು ಹಳೇ ಜನವರಿಯಲ್ಲಿ ಯಾವುದೋ ಕಸ ಬಿದ್ದಿದೆ ಮೇಡಂ, ತೆಗೆದುಬಿಡ್ಲಾ?” ಎಂದ. ಪದ್ಮಲತ ಬಾಗಿಲಲ್ಲಿ ಯಾರೊಂದಿಗೋ ಮಾತಾಡುತ್ತಿದ್ದಳು. “ಹ್ಞೂಂ, ಕ್ಲೀನ್ ಮಾಡಿ,” ಎಂದುಬಿಟ್ಟಳು. ಜಯಶೀಲಳ ಸೋಮವಾರಗಳೆಲ್ಲ ಅಲ್ಲಿಗೆ ಅಳಿದುಹೋದವು. ನನ್ನನ್ನು ಗುಣ ಮಾಡಿದ ಕೈಯೇ ಅವನ್ನೂ ಅಳಿಸಿತು.

“ಕಂಪ್ಯೂಟರಿನದೇ ತಪ್ಪು ಅಂತ ಸೀಲು ಹಾಕಿ ಬರ್ಕೊಡ್ತೀನಿ. ಬೋರೇಶಂಗೆ ತೋರ್ಸು,” ಎಂದಳು ಪದ್ಮಲತ, ಜಯಶೀಲ ಬಂದಾಗ.

“ಬ್ಯಾಡಕ್ಕ.”

“ಯಾಕೆ?”

“ಸೀಲು ಹಾಕಿದ್ ಕಾಗ್ದ ತೋರ್ಸಿ ನಾನು ಸಾಚಾ ಅನ್ನಿಸ್ಕಬೇಕಾ? ನಾಳೆ ಇನ್ನೊಂದಕ್ಕೆ ಇನ್ನೊಂದ್ ಕಾಗ್ದ. ಕೆಲ್ಸ ಬುಡಾಕಿಲ್ಲ ಅಂತ ಅವತ್ತೇ ಹೇಳ್ಬುಟ್ಟೆ. ಹೊಡ್ಯಕ್ ಬರ್ನಿಲ್ಲ. ನನ್ ಮಕಾನೇ ನೋಡ್ತಾ ಕೂತಿದ್ದ.” ಆಮೇಲೆ ಹೇಳಿದಳು: “ಒಂದ್ ಮಾಡ್ಕೊಡಿ. ಆ ಮೆಸೇಜ್ ಹೋಗೋ ನಂಬ್ರು ತೆಗ್ದು ನಂದು ಹಾಕಿ.”

ಪದ್ಮಲತ ಬದಲಿಸಿದಳು. ಬೋರೇಶನ ಹತ್ತು ಅಂಕಿಗಳ ಜಾಗದಲ್ಲಿ ಜಯಶೀಲಳದು ಬಂದು ಕೂತಿತು. ಮೆಸೇಜು ಬರುವುದು ನಿಂತ ಮೇಲೆ ಅವನು ಸೋಮವಾರ ಆಫೀಸಿನ ಫೋನಿಗೇ ಕರೆ ಮಾಡತೊಡಗಿದ. ಅವಳಿದ್ದಾಳಾ ಎಂದಷ್ಟೇ ಕೇಳುವನು. ಇದ್ದಾಳೆ ಎಂದು ಪದ್ಮಲತ ಹೇಳುವಳು.

ಈಗ ನನ್ನನ್ನು ಉಗ್ರಾಣದಲ್ಲಿ ಇಟ್ಟಿದ್ದಾರೆ. ಸುತ್ತ ಹಳೇ ನೂಲಿನ ಉಂಡೆಗಳು, ಮುರಿದ ಕತ್ತರಿಗಳು. ಪ್ಲಗ್ಗು ಇಲ್ಲ, ಆದರೂ ಇವತ್ತು ಯಾವ ವಾರ ಎಂದು ನನಗೆ ಗೊತ್ತು. ಕೇಳುವವರಿಲ್ಲ, ಅಷ್ಟೇ. ಸಾವಿರಾರು ಹಾಜರಿಗಳನ್ನು ಹೊತ್ತವನು ನಾನು. ಕೂತು ನೆನೆಯುವುದು ಮಾತ್ರ ಒಂದು ಸೋಮವಾರವನ್ನು.

ಆ ಸೋಮವಾರ ಜಯಶೀಲ ನಿಜವಾಗಿಯೂ ಬರಲಿಲ್ಲ. ನನ್ನ ದಿನಾಂಕ ಸರಿಯಿತ್ತು, ಗಂಟೆ ಸರಿಯಿತ್ತು. ‘ಜಯಶೀಲ ಇಂದು ಕೆಲಸಕ್ಕೆ ಬಂದಿಲ್ಲ’ ಎಂದು ಬರೆದು ಕಳಿಸಿದೆ. ಅದು ಅವಳಿಗೇ ಹೋಯಿತು. ಸ್ವಲ್ಪ ಹೊತ್ತಿಗೆ ಆಫೀಸಿನ ಫೋನು ಬಡಿದುಕೊಂಡಿತು. ಪದ್ಮಲತ ಎತ್ತಿದಳು. ಪರದೆಯ ಮೇಲೆ ನಾನು ತೋರಿಸುತ್ತಿದ್ದ ಗೈರುಹಾಜರಿಯನ್ನು ನೋಡಿದಳು. ಅವಳ ಹಿಮ್ಮಡಿ ನನ್ನ ಬೆನ್ನನ್ನು ಒತ್ತಿತು.

“ಇದ್ದಾಳಲ್ಲಪ್ಪ,” ಎಂದಳು. “ಲೈನಲ್ಲಿ ಕಾಲರ್ ಹೊಲೀತಾ ಕೂತವ್ಳೆ. ಯಾಕೆ, ಕರೀಬೇಕಾ?”

ಆ ಕಡೆಯಿಂದ ಬೇಡ ಎಂದಿರಬೇಕು. ಫೋನಿಟ್ಟಳು.

ಮಾರನೆಯ ಬೆಳಗ್ಗೆ ಪದ್ಮಲತ ಬೇಗ ಬಂದಳು. ಮೆಟ್ಟಿಲ ಮೇಲೆ ಜಯಶೀಲ ಕೂತಿದ್ದಳು.

“ನಿನ್ನೆ ಎಲ್ಲಿಗೆ ಹೋಗಿದ್ಯೇ? ಅವನು ಫೋನ್ ಮಾಡಿದ್ದ. ಇದ್ದಾಳೆ ಅಂದೆ.”

ಜಯಶೀಲ ಕಾಲು ಮಡಚಿ ಅವಳಿಗೆ ಜಾಗ ಬಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು:

“ಪ್ಯಾಟೆಲಿ ನಮ್ಮಕ್ಕನ ಮನೆಗೋಗಿದ್ದೆ. ಅವ್ಳು ಬೀಗದ್ ಕೈ ಕೊಟ್ಟು ಕೆಲ್ಸಕ್ ಹೋದ್ಲು. ಒಳ್ಗಿಂದ ಬಾಗ್ಲಾಕ್ಕಂಡು ಮನೀಕಂಡೆ. ಸಂಜೆಗಂಟ ನಿದ್ದೆ ಮಾಡ್ದೆ ಕಣಕ್ಕ. ಬ್ಯಾರೆ ಏನೂ ಮಾಡ್ನಿಲ್ಲ.”